ಮೋರಿಸ್ ಮೈನರ್‌: ಎರಡು ಬ್ಯಾಟರಿ ಇದ್ರೂ ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ ಅಂದಿದ್ದಕ್ಕೆ

ನಿಮ್ಮ ಹಳೇ ಮೈನರ್ ಕಾರಲ್ಲಿ ಫ್ರಿಜ್ ಇದೆ, ಡಿಕ್ಕಿಯಲ್ಲಿ ಎರಡನೇ ಬ್ಯಾಟರಿ ಇದೆ. ಅದನ್ನ ಎಂಜಿನ್ ಸ್ಟಾರ್ಟ್ ಮಾಡೋ ಮೊದಲನೆಯದಕ್ಕೆ ನೇರವಾಗಿ ಜೋಡಿಸಿರೋದೇ ಕಾರಣ ಇರಬೇಕು. ರಾತ್ರಿಯೆಲ್ಲ ಫ್ರಿಜ್ ಎರಡನ್ನೂ ಹೀರುತ್ತೆ. ಒಂದು ರಾತ್ರಿ ನಡುವಿನ ಕೇಬಲ್ ಬಿಚ್ಚಿಡಿ. ಬೆಳಿಗ್ಗೆ ಮೊದಲನೆಯದು 12.6 ವೋಲ್ಟ್ ಆಸುಪಾಸು ತೋರಿಸಿದ್ರೆ ಕಾರಣ ಇದೇ. ವೋಲ್ಟ್ ಬಿದ್ದಿದ್ರೆ ಹಳೇ ವೈರಿಂಗಲ್ಲಿ ಕರೆಂಟ್ ಲೀಕ್ ಇರಬಹುದು, ಇಲ್ಲಾ ಬ್ಯಾಟರಿಗೇ ವಯಸ್ಸಾಗಿರಬಹುದು.

ಆಮೇಲೆ ಫ್ರಿಜ್ ಎರಡನೆಯದಕ್ಕೆ ಮಾತ್ರ ಕೊಟ್ಟು, ನಡುವೆ ಕೈಯಲ್ಲಿ ತಿರುಗಿಸೋ ಕಟಾಫ್ ಸ್ವಿಚ್ ಹಾಕಿ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಿಗುತ್ತೆ. ಮೈನರ್ ಮೂಲತಃ ಪಾಸಿಟಿವ್ ಅರ್ತ್, ಅಂದ್ರೆ ಬ್ಯಾಟರಿಯ ಪ್ಲಸ್ ತುದಿಯನ್ನ ಕಾರಿನ ಬಾಡಿಗೆ ಜೋಡಿಸಿರುತ್ತೆ. ಯಾರೂ ಬದಲಿಸಿಲ್ಲ ಅಂದ್ರೆ ಸ್ವಿಚ್ಚು, ನಡುವಿನ ಕೇಬಲ್ಲಿನ ಎರಡೂ ತುದಿಯ ಫ್ಯೂಸು ನೆಗೆಟಿವ್ ಲೈನಿಗೇ ಬರಬೇಕು. ಮೆಕ್ಯಾನಿಕ್‌ಗಳು ಎಡವೋದು ಇಲ್ಲೇ.

ಖಾಲಿ ಬ್ಯಾಟರಿಯನ್ನ ಮೊದಲು ಮನೆ ಚಾರ್ಜರಲ್ಲಿ ತುಂಬಿಸಿ, ಓಡುವಾಗ ಚಾರ್ಜ್ ಮಾಡೋ ಹಳೇ ಡೈನಮೊ ಕೊಡೋದೇ 20 ಆಂಪಿಯರ್ ಚಿಲ್ಲರೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿನುಗಿದ್ರೆ ಚಾರ್ಜ್ ಆಗ್ತಿಲ್ಲ ಅಂತ, ಕಟಾಫ್ ಸ್ವಿಚ್ ಆಫ್ ಮಾಡಿ. ಕಾರು ನಿಲ್ಲಿಸುವಾಗಲೂ ಅಷ್ಟೇ.