ಪ್ರತಿಕ್ರಿಯೆ: ಸಂಬಳ ಹೆಚ್ಚಿಸಿದರೆ ಲಂಚ ನಿಲ್ಲುತ್ತದೆಯೇ?

ಸಿಂಗಪುರದ ಮಂತ್ರಿಗಳಷ್ಟು ಸಂಬಳ ಕೊಟ್ಟರೆ ನಮ್ಮವರೂ ಲಂಚ ಬಿಡುತ್ತಾರಲ್ಲವೇ ಎಂದು ಕೇಳಿದ್ದೀರಿ. ಸಂಬಳವೊಂದರಿಂದಲೇ ಬಿಡುವುದಿಲ್ಲ, ಸಿಂಗಪುರವೇ ಅದಕ್ಕೆ ಸಾಕ್ಷಿ. ಅಲ್ಲಿ ಹೊಸ ಮಂತ್ರಿಯ ಸಂಬಳಕ್ಕೆ ಇಟ್ಟಿರುವ ಮಾನದಂಡವೇ ವರ್ಷಕ್ಕೆ 11 ಲಕ್ಷ ಸಿಂಗಪುರ ಡಾಲರ್. ಹೀಗಿದ್ದೂ ಸಾರಿಗೆ ಸಚಿವರಾಗಿದ್ದ ಎಸ್. ಈಶ್ವರನ್ ಉದ್ಯಮಿಗಳಿಂದ ಟಿಕೆಟ್, ವಿಮಾನಯಾನ, ಮದ್ಯದಂಥ ಉಡುಗೊರೆ ಪಡೆದು 12 ತಿಂಗಳ ಜೈಲುಶಿಕ್ಷೆಗೆ ಗುರಿಯಾದರು. ಗಮನಿಸಬೇಕಾದ್ದು ವೇಗವನ್ನು: 2023ರ ಜುಲೈನಲ್ಲಿ ಬಂಧನ, 2024ರ ಅಕ್ಟೋಬರಿನಲ್ಲಿ ಶಿಕ್ಷೆ. ಅಧಿಕಾರದಲ್ಲಿದ್ದ ಪಕ್ಷದ ಮಂತ್ರಿಗೇ!

ನಮ್ಮ ಕರ್ನಾಟಕದಲ್ಲಿ 2025ರಲ್ಲಿ ಶಾಸಕರ ಮೂಲ ವೇತನ 40 ಸಾವಿರದಿಂದ 80 ಸಾವಿರಕ್ಕೇರಿತು. ಹಿಡಿಯುವ ಕೈಗೆ ಮಾತ್ರ ಬಲ ತುಂಬಲಿಲ್ಲ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಹುಟ್ಟುಹಾಕಿ ಲೋಕಾಯುಕ್ತದ ಹಲ್ಲು ಕಿತ್ತರು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ ಮೇಲಷ್ಟೇ ತನಿಖೆಯ ಅಧಿಕಾರ ಮರಳಿತು. ಅದೇ ಲೋಕಾಯುಕ್ತದ 2011ರ ಗಣಿ ವರದಿ ಒಬ್ಬ ಮುಖ್ಯಮಂತ್ರಿಯ ರಾಜೀನಾಮೆಗೆ ಕಾರಣವಾಗಿತ್ತು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಚುನಾವಣೆಗೆ ಕೋಟಿಗಟ್ಟಲೆ ಸುರಿದವನಿಗೆ ಸಂಬಳ ಯಾವ ಲೆಕ್ಕ? ಅವನು ಹಾಕಿದ್ದನ್ನು ತೆಗೆಯಲು ಬಂದವನು.

ಲೋಕಾಯುಕ್ತ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ತಮ್ಮ, ಕುಟುಂಬದವರ ಆಸ್ತಿ ವಿವರ ಸಲ್ಲಿಸಬೇಕು. ನಿಮ್ಮ ಶಾಸಕರು ಸಲ್ಲಿಸಿದ್ದಾರೆಯೇ? ಆರ್‌ಟಿಐ ಅರ್ಜಿ ಹಾಕಿ ಕೇಳಿ. ಅವರ 2018 ಮತ್ತು 2023ರ ಚುನಾವಣಾ ಅಫಿಡವಿಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಊರಿನವರಿಗೂ ತೋರಿಸಿ.