ಹಳೆಯ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಾಯಕರಲ್ಲಿ ನಿಮಗೆ ಅಚ್ಚುಮೆಚ್ಚು ಯಾರು, ಯಾಕೆ? ಹೊಸಬರು ಯಾವ ಹಾಡಿನಿಂದ ಶುರು ಮಾಡಬಹುದು?

ಮರ್ಲ್ ಹ್ಯಾಗರ್ಡ್. ಯೋಚನೆಯೇ ಬೇಡ.

ಜಾನಿ ಕ್ಯಾಶ್ ಹೆಸರು ಹೇಳುವವರೇ ಜಾಸ್ತಿ ಸಿಗುತ್ತಾರೆ. ನನಗೂ ಕ್ಯಾಶ್ ಇಷ್ಟವೇ. ಆದರೆ ಕ್ಯಾಶ್ ಜೈಲಿಗೆ ಹೋಗಿ ಹಾಡಿ ಬಂದವನು. ಹ್ಯಾಗರ್ಡ್ ಕೈದಿಗಳ ನಡುವೆ ಕೂತು ಅದನ್ನು ಕೇಳಿದವನು. 1959ರ ಹೊಸವರ್ಷದ ದಿನ, ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ. ಅವತ್ತು ಕ್ಯಾಶ್‌ನ ಗಂಟಲು ಕಟ್ಟಿಹೋಗಿತ್ತಂತೆ. ಆದರೂ ಇಡೀ ಜೈಲನ್ನು ಹಿಡಿದು ಕೂರಿಸಿದ್ದನ್ನು ಹ್ಯಾಗರ್ಡ್ ಮುಂದೆ ಎಷ್ಟೋ ಸಲ ನೆನೆಸಿಕೊಂಡಿದ್ದಾನೆ.

ಹುಟ್ಟಿದ್ದು 1937ರಲ್ಲಿ, ಬೇಕರ್ಸ್‌ಫೀಲ್ಡ್ ಪಕ್ಕದ ಆಯಿಲ್‌ಡೇಲ್‌ನಲ್ಲಿ. ಓಕ್ಲಹೋಮಾದಿಂದ ಗುಳೆ ಬಂದ ಸಂಸಾರ. ಅಪ್ಪ ರೈಲ್ವೆಯಲ್ಲಿ ಬಡಗಿ, ಹಳೆಯ ಗೂಡ್ಸ್ ಬೋಗಿಯೊಂದನ್ನೇ ಮನೆ ಮಾಡಿಕೊಂಡಿದ್ದ. ಮಗನಿಗೆ ಒಂಬತ್ತು ವರ್ಷವಾದಾಗ ಆತ ತೀರಿಕೊಂಡ. ಅಲ್ಲಿಂದ ಹುಡುಗ ಅಮ್ಮನ ಕೈಗೆ ಸಿಗಲಿಲ್ಲ. ಗೂಡ್ಸ್ ರೈಲು ಹತ್ತಿ ಓಡಿಹೋಗುವುದು, ಕಳ್ಳತನ, ಬಾಲಾಪರಾಧಿಗಳ ಶಾಲೆ, ಅಲ್ಲಿಂದಲೂ ಪರಾರಿ. 21 ತುಂಬಿದ್ದು ಸ್ಯಾನ್ ಕ್ವೆಂಟಿನ್‌ನಲ್ಲೇ.

ಇಷ್ಟು ತಿಳಿದುಕೊಂಡು 1968ರ 'ಮಾಮಾ ಟ್ರೈಡ್' ಕೇಳಿ. (ಮಾಮಾ ಅಂದರೆ ಸೋದರಮಾವ ಅಲ್ಲ ಮಾರಾಯ್ರೆ, ಅಮ್ಮ!) ಎರಡು ಚಿಲ್ಲರೆ ನಿಮಿಷದ ಹಾಡು. ಗಿಟಾರ್ ಕುಣಿಯುತ್ತಾ ಬರುತ್ತದೆ, ಹಾಗಾಗಿ ಮೊದಲ ಸಲ ನಾನು ಇದು ಯಾವುದೋ ಖುಷಿಯ ಹಾಡು ಅಂದುಕೊಂಡುಬಿಟ್ಟೆ. ಪದಗಳಿಗೆ ಕಿವಿ ಕೊಟ್ಟಾಗ ಕೂತಲ್ಲೇ ಕೂತೆ. ಅಪ್ಪ ಸತ್ತ, ಬಡತನ ಇತ್ತು, ಪೊಲೀಸರು ಬಿಡಲಿಲ್ಲ ಅಂತ ನೆಪ ಹೇಳಲು ಇವನಿಗೆ ಬೇಕಾದಷ್ಟು ಇತ್ತು. ಹೇಳುವುದಿಲ್ಲ. ಅಮ್ಮ ತನ್ನ ಕೈಲಾದಷ್ಟು ಮಾಡಿದಳು, ಕೆಟ್ಟವನು ನಾನೇ ಅನ್ನುತ್ತಾನೆ, ಅದೂ ಗೋಳಾಡದೆ. ಹಾಡಿನ ಹುಡುಗನಿಗೆ ಜೀವಾವಧಿ ಶಿಕ್ಷೆ. ಹ್ಯಾಗರ್ಡ್ ನಿಜವಾಗಿ ಒಳಗಿದ್ದದ್ದು ಮೂರು ವರ್ಷಕ್ಕೂ ಕಡಿಮೆ. ಅಷ್ಟು ಒಗ್ಗರಣೆ ಇರಲಿ ಬಿಡಿ.

ಅದಕ್ಕಿಂತಲೂ ನನ್ನನ್ನು ಕಾಡುವುದು 'ಸಿಂಗ್ ಮಿ ಬ್ಯಾಕ್ ಹೋಮ್'. ಜೈಲಿನಲ್ಲಿ 'ರ್‍ಯಾಬಿಟ್' ಎಂಬ ಅಡ್ಡಹೆಸರಿನ ಗೆಳೆಯನೊಬ್ಬ ಹೊರಗೆ ಸಾಗಿಸುವ ಮೇಜಿನೊಳಗೆ ಅಡಗಿ ತಪ್ಪಿಸಿಕೊಳ್ಳಲು ಹೊಂಚು ಹಾಕಿದ್ದ. ಹ್ಯಾಗರ್ಡ್ ನಾನೂ ಬರುತ್ತೇನೆ ಅಂದಾಗ, ನಿನಗೆ ಹಾಡುವ ವಿದ್ಯೆ ಇದೆ, ಬರಬೇಡ ಅಂತ ತಡೆದ. ರ್‍ಯಾಬಿಟ್ ತಪ್ಪಿಸಿಕೊಂಡ, ಹೊರಗೆ ಪೊಲೀಸನೊಬ್ಬನನ್ನು ಕೊಂದ, ಸಿಕ್ಕಿಬಿದ್ದ, ಮರಣದಂಡನೆಯಾಯಿತು. ಹಾಡಿನಲ್ಲಿ ಸಾಯಲು ಹೊರಟ ಕೈದಿ ಕೇಳುವುದು ಒಂದೇ: ನನ್ನ ಗಿಟಾರಿನ ಗೆಳೆಯ ಒಂದು ಹಾಡು ಹೇಳಲಿ. ಇದನ್ನು ಬೇರೆಯವರು ಹಾಡಿದ್ದರೆ ಅತ್ತು ಕರೆದು ಕೆಡಿಸುತ್ತಿದ್ದರು. ಇವನ ದನಿ ತಗ್ಗಿನಲ್ಲೇ ಇರುತ್ತದೆ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ.

'ಓಕಿ ಫ್ರಂ ಮಸ್ಕೋಗಿ' (1969; ಓಕಿ ಅಂದರೆ ಓಕ್ಲಹೋಮಾದವನು, ಮಸ್ಕೋಗಿ ಅಲ್ಲಿನ ಊರು) ಹಾಡು ದೊಡ್ಡ ಹೆಸರು ತಂದುಕೊಟ್ಟಿತು. ಅದು ಹಿಪ್ಪಿಗಳನ್ನು ನಿಜವಾಗಿ ಜರೆದದ್ದೋ ಬರೀ ತಮಾಷೆಯೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನನಗೆ ಅಷ್ಟಾಗಿ ಹಿಡಿಸಿಲ್ಲ. 1972ರಲ್ಲಿ ಕ್ಯಾಲಿಫೋರ್ನಿಯಾದ ಆಗಿನ ಗವರ್ನರ್ ರೊನಾಲ್ಡ್ ರೇಗನ್ ಹ್ಯಾಗರ್ಡ್‌ನ ಹಳೆಯ ಅಪರಾಧಗಳಿಗೆ ಪೂರ್ತಿ ಕ್ಷಮಾದಾನ ಕೊಟ್ಟರು. 2016ರ ಏಪ್ರಿಲ್ 6ರಂದು, ತನ್ನ 79ನೇ ಹುಟ್ಟುಹಬ್ಬದ ದಿನವೇ, ಹ್ಯಾಗರ್ಡ್ ತೀರಿಕೊಂಡ.

ಎಲ್ಲಿಂದ ಶುರು ಮಾಡಲಿ ಅಂದಿರಲ್ಲ, ಮೇಲಿನ ಎರಡು ಹಾಡಾದ ಮೇಲೆ 1973ರ 'ಇಫ್ ವಿ ಮೇಕ್ ಇಟ್ ಥ್ರೂ ಡಿಸೆಂಬರ್' ಹಾಕಿಕೊಳ್ಳಿ. ಕಾರ್ಖಾನೆಯಲ್ಲಿ ಕೆಲಸ ಹೋದ ಅಪ್ಪ, ಕ್ರಿಸ್ಮಸ್ ಯಾಕೆ ಸಪ್ಪಗಿದೆ ಅಂತ ಅರ್ಥವಾಗದ ಪುಟ್ಟ ಮಗಳು. ಇಯರ್‌ಫೋನಿನಲ್ಲಿ ಕೇಳಿ, ಆಫೀಸಿನಲ್ಲಿ ಬೇಡ.