ಸಿಮ್ಯುಲೇಟರ್‌ನಲ್ಲಿ ಕ್ವಾಂಟಮ್ ಎಷ್ಟು ದೊಡ್ಡದಿರಬಹುದು?

ಎಂಟು ಕೋರ್‌ಗಳ ಪ್ರೊಸೆಸರನ್ನು ಅನುಕರಿಸುವ ಸಿಮ್ಯುಲೇಟರನ್ನು ಎಂಟು ಥ್ರೆಡ್‌ಗಳಿಗೆ (ಒಟ್ಟಿಗೆ ಓಡುವ ಕೆಲಸದ ಎಳೆಗಳಿಗೆ) ಹಂಚಿದ ಮೇಲೆ ಅದು ಮೊದಲಿಗಿಂತ ನಿಧಾನವಾಗಿದೆ, ಪ್ರತಿ ಸೈಕಲ್‌ಗೂ (ಪ್ರೊಸೆಸರ್ ಗಡಿಯಾರದ ಒಂದು ಮಿಡಿತಕ್ಕೂ) ಬ್ಯಾರಿಯರ್, ಅಂದರೆ ಎಲ್ಲ ಥ್ರೆಡ್‌ಗಳೂ ಬಂದು ಸೇರುವವರೆಗೆ ಕಾಯಿಸುವ ತಡೆ, ಹಾಕುವ ಬದಲು 1000 ಸೈಕಲ್‌ಗೊಮ್ಮೆ ಹಾಕಿದರೆ ಫಲಿತಾಂಶ ಕೆಡುತ್ತದೆಯೇ ಎಂದು ಕೇಳಿದ್ದೀರಿ (ಎರಡು ಬ್ಯಾರಿಯರ್‌ಗಳ ನಡುವಿನ ಈ ಅಂತರವೇ ಕ್ವಾಂಟಮ್). ಒಂದು ಕೋರ್ ಮಾಡಿದ್ದು ಇನ್ನೊಂದಕ್ಕೆ ಎಷ್ಟು ಬೇಗ ತಟ್ಟುತ್ತದೆ ಎಂಬುದನ್ನು ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ನಿಧಾನದ ಕಾರಣ ಸರಳ: ಒಂದು ಸೈಕಲ್‌ನ ಕೆಲಸಕ್ಕಿಂತ ಬ್ಯಾರಿಯರ್‌ನಲ್ಲಿ ಕಾಯುವುದೇ ದುಬಾರಿ. ಆದರೆ ಕೋರ್‌ಗಳ ನಡುವಿನ ಸಂದೇಶ ತಲುಪಲು ಕನಿಷ್ಠ 20 ಸೈಕಲ್ ಬೇಕೆಂದಾದರೆ, 20 ಸೈಕಲ್‌ಗಳ ಕ್ವಾಂಟಮ್‌ನಿಂದ ನಿಖರತೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ, ಏಕೆಂದರೆ ಈ ಕ್ವಾಂಟಮ್‌ನಲ್ಲಿ ಹೊರಟ ಸಂದೇಶ ಮುಂದಿನದಕ್ಕಿಂತ ಮೊದಲು ಯಾರನ್ನೂ ತಲುಪಲಾರದು. 1993ರ ವಿಸ್ಕಾನ್ಸಿನ್ ವಿಂಡ್ ಟನೆಲ್ ಸಿಮ್ಯುಲೇಟರ್ ಇದೇ ತತ್ತ್ವದ ಮೇಲೆ ನಿಂತಿತ್ತು. ಇಷ್ಟು ವೇಗ ಪುಕ್ಕಟೆಯಾಗಿ ಸಿಗುವಂಥದ್ದು, ಮೊದಲು ಇದನ್ನು ಪಡೆದುಕೊಳ್ಳಿ.

ಅದರಾಚೆಗಿನ ವೇಗಕ್ಕೆ ಬೆಲೆ ತೆರಬೇಕು. ಕ್ವಾಂಟಮ್ 1000 ಎಂದಿಟ್ಟುಕೊಳ್ಳಿ. ಮೊದಲ ಕೋರ್ 40ನೇ ಸೈಕಲ್‌ನಲ್ಲಿ ಲಾಕ್ (ಒಂದು ಬಾರಿಗೆ ಒಂದೇ ಕೋರ್ ಹಿಡಿಯಬಹುದಾದ ಬೀಗ) ಬಿಟ್ಟರೆ ಆ ಸುದ್ದಿ ಎರಡನೆಯದಕ್ಕೆ 60ರಲ್ಲಿ ತಿಳಿಯಬೇಕು. ಆದರೆ ಆ ಎರಡನೆಯ ಕೋರನ್ನು ಓಡಿಸುವ ಥ್ರೆಡ್ ಅಷ್ಟರಲ್ಲಿ 700ನ್ನು ದಾಟಿ, ಸಿಗದ ಲಾಕಿಗಾಗಿ ಸುತ್ತು ಹೊಡೆಯುತ್ತಿರುತ್ತದೆ. ಸಂದೇಶವನ್ನು ಬಂದ ಕೂಡಲೇ ಕೊಟ್ಟರೆ ಪ್ರತಿ ಓಟದಲ್ಲೂ ಬೇರೆ ಬೇರೆ ಅಂಕಿ ಬರುತ್ತದೆ, ದೋಷ ಹುಡುಕುವವನ ಪಾಡು ಕೇಳುವುದೇ ಬೇಡ. ಕ್ವಾಂಟಮ್‌ನ ಕೊನೆಯಲ್ಲಿ ಕಾಲಕ್ರಮದಂತೆ ಜೋಡಿಸಿ ಕೊಟ್ಟರೆ ಅಂಕಿ ಸ್ಥಿರವಾಗುತ್ತದೆ, ಆದರೆ 20 ಸೈಕಲ್‌ಗಳಲ್ಲಿ ಮುಗಿಯಬೇಕಾದ ಲಾಕ್ ಹಸ್ತಾಂತರ 960ಕ್ಕೆ ಏರುತ್ತದೆ. ನಾನಾದರೆ ಈ ಎರಡನೆಯ ವಿಧಾನವನ್ನೇ ಆರಿಸುತ್ತೇನೆ. ತಪ್ಪಿದ್ದರೂ ಅದು ಪ್ರತಿ ಸಲವೂ ಅದೇ ತಪ್ಪು.

ಎಂಐಟಿಯ ಗ್ರಾಫೈಟ್ ಎಂಬ ಸಿಮ್ಯುಲೇಟರ್ ಕಡ್ಡಾಯ ಬ್ಯಾರಿಯರನ್ನೇ ಬಿಟ್ಟು ಗಡಿಯಾರಗಳನ್ನು ಸಡಿಲವಾಗಿ ಓಡಲು ಬಿಟ್ಟಿತು. 2013ರ ಝೆಡ್‌ಸಿಮ್ ಹೆಚ್ಚು ಜಾಣತನದ್ದೆಂದು ನನಗನ್ನಿಸುತ್ತದೆ: ಕೆಲವು ಸಾವಿರ ಸೈಕಲ್‌ಗಳನ್ನು ಮೆಮೊರಿಗಾಗಿ ಕೋರ್‌ಗಳ ನಡುವೆ ಪೈಪೋಟಿಯೇ ಇಲ್ಲವೆಂಬಂತೆ ಓಡಿಸಿ, ಆಗ ದಾಖಲಾದ ಮೆಮೊರಿ ಕೋರಿಕೆಗಳ ಮೇಲೆ ಮತ್ತೊಮ್ಮೆ ಹಾದು ಪೈಪೋಟಿಯ ವಿಳಂಬವನ್ನು ಸೇರಿಸುತ್ತದೆ.

ಕೋರ್‌ಗಳು ತಮ್ಮ ಪಾಡಿಗೆ ಲೆಕ್ಕ ಮಾಡುವ ಪ್ರೋಗ್ರಾಮಿನಲ್ಲಿ ಕ್ಯಾಶ್ ಮಿಸ್ (ಬೇಕಾದ ದತ್ತಾಂಶ ಹತ್ತಿರದ ಚಿಕ್ಕ ಮೆಮೊರಿಯಲ್ಲಿ ಸಿಗದಿರುವುದು) ಅಳೆಯುವುದಷ್ಟೇ ನಿಮ್ಮ ಉದ್ದೇಶವಾದರೆ 1000 ಬಹುಶಃ ಸಾಕು. ಆದರೂ ಒಂದು ಚಿಕ್ಕ ಇನ್‌ಪುಟ್ಟನ್ನು 20, 100, 1000ರ ಕ್ವಾಂಟಮ್‌ಗಳಲ್ಲಿ ಓಡಿಸಿ, ಒಟ್ಟು ಸೈಕಲ್‌ಗಳ ಜೊತೆಗೆ ಲಾಕಿಗಾಗಿ ಕಾದ ಸೈಕಲ್‌ಗಳನ್ನೂ ಬೇರೆಯಾಗಿ ಬರೆದುಕೊಳ್ಳಿ. ಕ್ವಾಂಟಮ್ ಬೆಳೆದಂತೆ ಆ ಕಾಯುವಿಕೆಯೂ ಬೆಳೆದರೆ, ನೀವು ಅಳೆಯುತ್ತಿರುವುದು ಪ್ರೊಸೆಸರನ್ನಲ್ಲ, ನಿಮ್ಮದೇ ಬ್ಯಾರಿಯರನ್ನು.